ಬ್ರೇಕ್ ಹಾಕಿದಾಗ ದಬ್ಬಿದವರು ಯಾರು?

ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಗದೆ ನಿಂತವರಿಗೆ ಭೌತಶಾಸ್ತ್ರದ ಪಾಠ ಪುಕ್ಕಟೆ. ಎಮ್ಮೆ ಅಡ್ಡ ಬಂತು, ಡ್ರೈವರ್ ಬ್ರೇಕ್ ಒತ್ತಿದ, ನಿಂತವರೆಲ್ಲ ಮುಂದಿನವರ ಮೇಲೆ. "ಯಾಕ್ರೀ ದಬ್ಬತೀರಿ?" ಅಂತ ಒಬ್ಬರು. "ನಾ ಎಲ್ಲಿ ದಬ್ಬೀನ್ರೀ, ಹಿಂದಿನವ್ರು ದಬ್ಬಿದ್ರು" ಅಂತ ಇನ್ನೊಬ್ಬರು. ಈ ತಕರಾರು ಒಬ್ಬರಿಂದ ಒಬ್ಬರಿಗೆ ಹಿಂದೆ ಸರಿಯುತ್ತ ಕೊನೆಗೆ ಬಸ್ಸಿನ ತುದಿಯಲ್ಲಿ ನಿಂತವನ ತನಕ ಹೋಗುತ್ತದೆ. ಅವನ ಹಿಂದೆ ಯಾರೂ ಇಲ್ಲ. ಆದರೂ ಅವನೂ ಮುಂದಕ್ಕೇ ಮುಗ್ಗರಿಸಿದ್ದಾನೆ. ಅವನನ್ನು ದಬ್ಬಿದವರು ಯಾರು?

ಯಾರೂ ಅಲ್ಲ. ಬಸ್ಸು ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡುವಾಗ ಒಳಗಿರುವ ಮನುಷ್ಯನೂ ಅದೇ 40ರಲ್ಲಿ ಓಡುತ್ತಿರುತ್ತಾನೆ. ಬ್ರೇಕ್ ಹಿಡಿಯುವುದು ಬಸ್ಸಿನ ಗಾಲಿಯನ್ನು, ಮನುಷ್ಯನನ್ನಲ್ಲ. ಬಸ್ಸು ನಿಧಾನವಾಯಿತು, ಇವನು ಆಗಲಿಲ್ಲ. ಬಸ್ಸಿನ ಜತೆಗೆ ಇವನೂ ನಿಲ್ಲಬೇಕಾದರೆ ಏನಾದರೊಂದು ಇವನನ್ನು ಹಿಂದಕ್ಕೆ ಹಿಡಿಯಬೇಕಿತ್ತು: ಕೈಗೆ ಸಿಕ್ಕ ಕಂಬಿ, ಕಾಲ ಕೆಳಗಿನ ತಗಡು, ಇಲ್ಲವೇ ಮುಂದೆ ನಿಂತವರ ಬೆನ್ನು. ಮುಗ್ಗರಿಸಲು ಬಲ ಬೇಕಾಗಲಿಲ್ಲ. ಮುಗ್ಗರಿಸದೆ ಇರಲು ಬೇಕಿದ್ದ ಬಲ ಹೊತ್ತಿಗೆ ಸರಿಯಾಗಿ ಸಿಗಲಿಲ್ಲ, ಅಷ್ಟೆ.

ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ ಚಲನೆಯ ಮೂರು ನಿಯಮಗಳನ್ನು ನಮ್ಮ ಮಕ್ಕಳು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡುತ್ತಾರೆ. ಬಾಯಿಪಾಠ ಆದಷ್ಟೂ ಅವು ಅರ್ಥವಾಗದೆ ಉಳಿಯುತ್ತವೆ ಎಂಬುದು ನನ್ನ ಅನುಮಾನ. ಮೂರನ್ನೂ ಬದಿಗಿಟ್ಟು ಒಂದೇ ಒಂದು ಪ್ರಶ್ನೆ ಹಿಡಿದುಕೊಂಡರೆ ದಿನನಿತ್ಯದ ಬಹುಪಾಲು ಗೊಂದಲ ಬಿಡುತ್ತದೆ: ಈ ಬಲ ಕೊಡುತ್ತಿರುವುದು ಯಾವ ವಸ್ತು? ಬಲ ಅಂದರೆ ಎರಡು ವಸ್ತುಗಳ ನಡುವಿನ ವ್ಯವಹಾರ. ಒಂದು ತಳ್ಳಬೇಕು ಅಥವಾ ಎಳೆಯಬೇಕು, ಇನ್ನೊಂದು ತಳ್ಳಿಸಿಕೊಳ್ಳಬೇಕು. ಕೊಡುವ ವಸ್ತುವನ್ನು ಬೆರಳು ಮಾಡಿ ತೋರಿಸಲಾಗದಿದ್ದರೆ ಅಲ್ಲಿ ಬಲ ಇಲ್ಲ, ಇದೆ ಎಂದು ಅನಿಸುತ್ತಿದೆ ಅಷ್ಟೆ.

ಬಲವನ್ನು ಅಳೆಯುವ ಮಾನಕ್ಕೆ ನ್ಯೂಟನ್ ಹೆಸರೇ ಇದೆ. 100 ಗ್ರಾಂ ತೊಗರಿಬೇಳೆಯನ್ನು ಅಂಗೈಯಲ್ಲಿಟ್ಟುಕೊಂಡರೆ ಅದು ಕೈಯನ್ನು ಒತ್ತುವ ಬಲ ಹೆಚ್ಚುಕಡಿಮೆ 1 ನ್ಯೂಟನ್. ಮೇಲಿನ ಬಸ್ಸು 40 ಕಿ.ಮೀ. ವೇಗದಿಂದ 3 ಸೆಕೆಂಡಿನಲ್ಲಿ ನಿಂತರೆ, 60 ಕಿಲೋ ತೂಕದವರನ್ನು ಅದರ ಜತೆಗೆ ನಿಲ್ಲಿಸಲು ಸುಮಾರು 220 ನ್ಯೂಟನ್ ಬೇಕು. 22 ಕಿಲೋ ಚೀಲವನ್ನು ಎತ್ತಿ ಹಿಡಿಯುವಷ್ಟು ಬಲ. ಒಂದು ಕೈಯಲ್ಲಿ ಮೊಬೈಲ್ ಹಿಡಿದು ಇನ್ನೊಂದು ಕೈಯ ಎರಡು ಬೆರಳಲ್ಲಿ ಕಂಬಿ ಮುಟ್ಟಿಕೊಂಡು ನಿಂತವರು ಯಾಕೆ ಬೀಳುತ್ತಾರೆ ಅಂದರೆ ಇದಕ್ಕೆ. ಇನ್ನೊಂದು ಸಂಗತಿಯೂ ಇದೆ. ಕಾಲ ಕೆಳಗಿನ ತಗಡು ಹಿಡಿದು ನಿಲ್ಲಿಸುವುದು ಪಾದವನ್ನು ಮಾತ್ರ. ಎದೆ, ತಲೆ ಇನ್ನೂ ಮುಂದೆ ಹೋಗುತ್ತಿರುತ್ತವೆ. ಹಾಗಾಗಿ ಮನುಷ್ಯ ಜಾರುವುದಿಲ್ಲ, ಮಗುಚುತ್ತಾನೆ. ಹಳೆಯ ಕಂಡಕ್ಟರುಗಳನ್ನು ನೋಡಿ: ಟಿಕೆಟ್ ಹರಿಯುವಾಗ ಎರಡೂ ಕಾಲು ಜೋಡಿಸಿ ನಿಲ್ಲುವುದೇ ಇಲ್ಲ, ಒಂದು ಕಾಲು ಮುಂದೆ, ಒಂದು ಹಿಂದೆ. ಬಸ್ಸು ಓಡುವ ದಿಕ್ಕಿನಲ್ಲೇ ಬುನಾದಿ ಅಗಲವಾಯಿತು, ಮಗುಚುವುದು ಕಷ್ಟವಾಯಿತು.

ನೆಲ ತಳ್ಳುತ್ತದೆ

ನಮ್ಮ ಭಾಗದ ಮನೆಗಳಲ್ಲಿ ನೆಲಕ್ಕೆ ಶಹಾಬಾದಿನ ಪರಸಿ, ಅಂದರೆ ಹಾಸುಗಲ್ಲು. ಅದರ ಮೇಲೆ ಬರಿಗಾಲಲ್ಲಿ ಸುಮ್ಮನೆ ನಿಂತಿದ್ದೀರಿ. ನಿಮ್ಮ ಮೇಲೆ ಎಷ್ಟು ಬಲ ನಡೆದಿದೆ? 60 ಕಿಲೋ ಇದ್ದರೆ ಭೂಮಿ ನಿಮ್ಮನ್ನು 588 ನ್ಯೂಟನ್ ಬಲದಿಂದ ಕೆಳಗೆ ಎಳೆಯುತ್ತಿದೆ. ಆದರೂ ನೀವು ಇಳಿಯುತ್ತಿಲ್ಲ. ಅಂದಮೇಲೆ ಪರಸಿ ನಿಮ್ಮನ್ನು ಅಷ್ಟೇ ಬಲದಿಂದ ಮೇಲಕ್ಕೆ ತಳ್ಳುತ್ತಿರಬೇಕು.

ಜೀವವಿಲ್ಲದ ಕಲ್ಲು ತಳ್ಳುವುದು ಹೇಗೆ ಎಂದು ಮಕ್ಕಳು ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆ. ನೀವು ನಿಂತ ಕೂಡಲೇ ಕಲ್ಲು ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ. ಅದರ ಕಣಗಳು ಒಂದಕ್ಕೊಂದು ಸಹಜಕ್ಕಿಂತ ಹತ್ತಿರ ಬರುತ್ತವೆ, ಮತ್ತೆ ದೂರ ಸರಿಯಲು ನೋಡುತ್ತವೆ. ಆ ಸರಿಯುವ ಯತ್ನವೇ ತಳ್ಳುವಿಕೆ. ಹಾಸಿಗೆಯ ಹತ್ತಿ ಕುಗ್ಗುವುದು ಕಾಣುತ್ತದೆ, ಪರಸಿ ಕುಗ್ಗುವುದು ಕಾಣುವುದಿಲ್ಲ, ಕೆಲಸ ಒಂದೇ. ಮಗು ನಿಂತರೆ ಕಡಿಮೆ ಕುಗ್ಗಿ ಕಡಿಮೆ ತಳ್ಳುತ್ತದೆ, ತೊಗರಿ ಚೀಲ ಹೊತ್ತ ಹಮಾಲರು ನಿಂತರೆ ಹೆಚ್ಚು ಕುಗ್ಗಿ ಹೆಚ್ಚು ತಳ್ಳುತ್ತದೆ.

ನಮಗೆ "ಭಾರ" ಎಂದು ಅನುಭವಕ್ಕೆ ಬರುವುದು ಈ ತಳ್ಳುವಿಕೆಯೇ ಹೊರತು ಭೂಮಿಯ ಎಳೆತವಲ್ಲ. ಎಳೆತ ಮೈಯ ಪ್ರತಿಯೊಂದು ಕಣಕ್ಕೂ ಒಂದೇ ಸಮನೆ ತಗಲುವುದರಿಂದ ಅದು ಎಲ್ಲಿಯೂ ಒತ್ತುವುದಿಲ್ಲ, ಹಿಂಡುವುದಿಲ್ಲ. ಒತ್ತುವುದು ಅಂಗಾಲಿನ ಕೆಳಗಿನ ನೆಲ. ಇದನ್ನು ಪರೀಕ್ಷಿಸಲು ಜಾತ್ರೆಗೆ ಹೋಗಬೇಕು, ದೊಡ್ಡ ತಿರುಗುತೊಟ್ಟಿಲು ಹತ್ತಬೇಕು. 8 ಮೀಟರ್ ತ್ರಿಜ್ಯದ ತೊಟ್ಟಿಲು 10 ಸೆಕೆಂಡಿಗೊಂದು ಸುತ್ತು ಹಾಕುತ್ತಿದೆ ಎಂದಿಟ್ಟುಕೊಳ್ಳಿ. 60 ಕಿಲೋದವರು ತೂಕದ ಯಂತ್ರದ ಮೇಲೆ ಕೂತು ತಿರುಗಿದರೆ ತುತ್ತತುದಿಯಲ್ಲಿ ಅದು ಸುಮಾರು 40 ಕಿಲೋ ತೋರಿಸುತ್ತದೆ, ತೀರ ಕೆಳಗೆ ಬಂದಾಗ ಸುಮಾರು 80. ಭೂಮಿಯ ಎಳೆತ ಎರಡೂ ಕಡೆ ಒಂದೇ. ಬದಲಾದದ್ದು ಸೀಟು ತಳ್ಳುವ ಬಲ. ಮೇಲಿನಿಂದ ಇಳಿಯುವಾಗ ಹೊಟ್ಟೆಯಲ್ಲಿ ಜುಮ್ಮೆನ್ನುವುದು, ಹುಡುಗಿಯರು ಕಿರುಚುವುದು, ಮೀಸೆ ಹೊತ್ತ ಗಂಡಸರು ಕಿರುಚದೆ ಕಂಬಿ ಹಿಡಿದು ಕಣ್ಣು ಮುಚ್ಚುವುದು, ಎಲ್ಲವೂ ಸೀಟಿನ ತಳ್ಳುವಿಕೆ ಮೂರನೇ ಒಂದು ಪಾಲು ಕಡಿಮೆಯಾದದ್ದರ ಫಲ. ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲುವವರದ್ದೂ ಇದೇ ಕತೆ. ಸುಮಾರು 400 ಕಿ.ಮೀ. ಎತ್ತರದಲ್ಲಿ ಭೂಮಿಯ ಎಳೆತ ಇಲ್ಲಿಯದರ ಹತ್ತಿರ ಹತ್ತಿರ ಶೇಕಡ 90ರಷ್ಟು ಇದ್ದೇ ಇದೆ. ಅಲ್ಲಿಲ್ಲದಿರುವುದು ಕೆಳಗಿನಿಂದ ತಳ್ಳುವ ಪರಸಿ.

ಇಲ್ಲೊಂದು ಗಂಟು ಬಿಡಿಸಿ ಮುಂದೆ ಹೋಗೋಣ. ಭೂಮಿಯ ಎಳೆತ ಕೆಳಗೆ, ನೆಲದ ತಳ್ಳುವಿಕೆ ಮೇಲೆ. ಇವೆರಡೂ ಕ್ರಿಯೆ–ಪ್ರತಿಕ್ರಿಯೆ ಎಂದು ಎಷ್ಟೋ ನೋಟ್ಸುಗಳಲ್ಲಿ ಬರೆದಿರುತ್ತದೆ. ಅದು ತಪ್ಪು. ಕ್ರಿಯೆ–ಪ್ರತಿಕ್ರಿಯೆಯ ಜೋಡಿ ಅಂದರೆ ಅವೇ ಎರಡು ವಸ್ತುಗಳ ನಡುವಿನ ಕೊಡುಕೊಳ್ಳುವಿಕೆ. ಭೂಮಿ ನಿಮ್ಮನ್ನು ಎಳೆದರೆ ಅದರ ಜೋಡಿ ನೀವು ಭೂಮಿಯನ್ನು ಎಳೆಯುವುದು. ಹೌದು, 588 ನ್ಯೂಟನ್ನಿನಿಂದಲೇ ಎಳೆಯುತ್ತಿದ್ದೀರಿ. ಭೂಮಿ ದೊಡ್ಡದು, ಅಲುಗುವುದು ಗೊತ್ತಾಗುವುದಿಲ್ಲ. ಪರಸಿ ನಿಮ್ಮ ಪಾದ ತಳ್ಳಿದರೆ ಅದರ ಜೋಡಿ ಪಾದ ಪರಸಿಯನ್ನು ತಳ್ಳುವುದು. ಜೋಡಿಯ ಎರಡು ಬಲ ಯಾವತ್ತೂ ಒಂದೇ ವಸ್ತುವಿನ ಮೇಲೆ ಬೀಳುವುದಿಲ್ಲ. ಈ ಮಾತು ನೆನಪಿರಲಿ, ತೇರಿನ ಹತ್ತಿರ ಬೇಕಾಗುತ್ತದೆ.

ತೇರು ಎಳೆಯುವುದು ಕೈಯಲ್ಲ, ಕಾಲು

ಹೋಳಿ ಹುಣ್ಣಿಮೆಯಾದ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಮಿಣಿ, ಅಂದರೆ ತೇರಿನ ಹಗ್ಗ, ಹಿಡಿಯಲು ನೂಕುನುಗ್ಗಲು. ಮಿಣಿ ಹಿಡಿದವರೆಲ್ಲ ತೋಳಿನ ಬಲದಿಂದ ತೇರು ಹೊರಟಿತು ಎಂದುಕೊಳ್ಳುತ್ತಾರೆ. ಆದರೆ ಕಾಲು ನೋಡಿ. ಎಲ್ಲರ ಹಿಮ್ಮಡಿಯೂ ನೆಲಕ್ಕೆ ಊರಿದೆ, ಮೈ ವಾಲಿದೆ, ಹೆಬ್ಬೆರಳು ಟಾರ್ ರಸ್ತೆಯನ್ನು ಕಚ್ಚಿ ಹಿಡಿದಿದೆ.

ನ್ಯೂಟನ್ನನ ಮೂರನೆಯ ನಿಯಮ ಗೊತ್ತಿರುವ ಜಾಣ ಹುಡುಗರು ಒಂದು ತಕರಾರು ತೆಗೆಯುತ್ತಾರೆ. ನಾವು ತೇರನ್ನು ಎಷ್ಟು ಎಳೆಯುತ್ತೇವೋ ತೇರೂ ನಮ್ಮನ್ನು ಅಷ್ಟೇ ಎಳೆಯುತ್ತದೆ. ಹಾಗಾದರೆ ಎರಡೂ ಹೊಡೆದುಹೋಗಿ ತೇರು ಅಲ್ಲೇ ನಿಲ್ಲಬೇಕಲ್ಲ? ಹೊಡೆದುಹೋಗುವುದಿಲ್ಲ, ಯಾಕೆಂದರೆ ಒಂದು ಬಲ ತೇರಿನ ಮೇಲೆ, ಇನ್ನೊಂದು ನಮ್ಮ ಮೇಲೆ. ತೇರು ಹೊರಡುತ್ತದೋ ಇಲ್ಲವೋ ತಿಳಿಯಲು ತೇರಿಗೆ ಬೀಳುವ ಬಲಗಳನ್ನಷ್ಟೇ ಎಣಿಸಬೇಕು: ಮಿಣಿ ಮುಂದಕ್ಕೆ ಎಳೆಯುತ್ತದೆ, ಅಚ್ಚು ಮತ್ತು ಗಾಲಿಯ ಘರ್ಷಣೆ ಹಿಂದಕ್ಕೆ ಹಿಡಿಯುತ್ತದೆ. ಮಿಣಿಯದ್ದು ಹೆಚ್ಚಾದರೆ ಹೊರಟಿತು. ನಾವು ಮುಂದೆ ಹೋಗುತ್ತೇವೋ ಇಲ್ಲವೋ ತಿಳಿಯಲು ನಮ್ಮ ಮೇಲಿನವನ್ನು ಎಣಿಸಬೇಕು: ಮಿಣಿ ನಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ರಸ್ತೆ ನಮ್ಮ ಪಾದವನ್ನು ಮುಂದಕ್ಕೆ ತಳ್ಳುತ್ತದೆ. ರಸ್ತೆ ಯಾಕೆ ತಳ್ಳುತ್ತದೆ? ನಾವು ಪಾದದಿಂದ ರಸ್ತೆಯನ್ನು ಹಿಂದಕ್ಕೆ ಒತ್ತುತ್ತಿದ್ದೇವಲ್ಲ, ಅದಕ್ಕೆ. ಕೊನೆಗೆ ತೇರು ಎಳೆಯುವ ಬಲದ ಮೂಲ ಹುಡುಕಿದರೆ ಸಿಗುವುದು ಅಂಗಾಲಿಗೂ ಟಾರಿಗೂ ನಡುವಿನ ಘರ್ಷಣೆ. ರಸ್ತೆಗೆ ಎಣ್ಣೆ ಚೆಲ್ಲಿದರೆ ಅದೇ ಪೈಲವಾನರು ಅದೇ ತೋಳು ಹಿಡಿದು ಎಳೆದರೂ ತೇರು ಬರುವುದಿಲ್ಲ, ಇವರೇ ತೇರಿನ ಕಡೆಗೆ ಜಾರಿ ಹೋಗುತ್ತಾರೆ.

ಲೆಕ್ಕಕ್ಕಾಗಿ 20 ಟನ್ನಿನ ತೇರೊಂದನ್ನು ಊಹಿಸಿಕೊಳ್ಳಿ. ಸಮತಟ್ಟು ನೆಲದಲ್ಲಿ ಅದನ್ನು ಉರುಳಿಸಲು ತೂಕದ ಹತ್ತನೇ ಒಂದು ಪಾಲು ಬಲ ಬೇಕು ಎಂದುಕೊಂಡರೆ ಸುಮಾರು 19,600 ನ್ಯೂಟನ್. 70 ಕಿಲೋದ ಒಬ್ಬರ ಪಾದ ಒಣ ರಸ್ತೆಯಲ್ಲಿ ಜಾರದೆ ಕೊಡಬಲ್ಲದ್ದು ಸುಮಾರು 400 ನ್ಯೂಟನ್. ಐವತ್ತು ಜನ ಸಾಕು ಎನ್ನುತ್ತದೆ ಲೆಕ್ಕ. ನಿಜವಾಗಿ ಐವತ್ತು ಜನ ಸಾಲುವುದಿಲ್ಲ. ಎಲ್ಲರೂ ಒಂದೇ ಕ್ಷಣಕ್ಕೆ, ಒಂದೇ ದಿಕ್ಕಿಗೆ, ಪೂರ್ತಿ ವಾಲಿ ಎಳೆಯುವುದಿಲ್ಲ. ಅರ್ಧ ಜನ ಮಿಣಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಳ್ಳುವವರೇ. ನಿಂತ ತೇರನ್ನು ಹೊರಡಿಸುವುದು ಹೊರಟ ತೇರನ್ನು ಎಳೆಯುವುದಕ್ಕಿಂತ ಕಷ್ಟ ಎಂಬುದೂ ಗೊತ್ತಿರುವ ಮಾತೇ. ನಿಂತ ಮೇಲ್ಮೈಗಳು ಒಂದನ್ನೊಂದು ಹಿಡಿಯುವ ಬಲ, ಜಾರುತ್ತಿರುವ ಮೇಲ್ಮೈಗಳ ಹಿಡಿತಕ್ಕಿಂತ ಸಾಮಾನ್ಯವಾಗಿ ಜಾಸ್ತಿ. ಜತೆಗೆ ಭಾರದ ಗಾಲಿ ನಿಂತಲ್ಲೇ ನೆಲವನ್ನು ಸ್ವಲ್ಪ ಅದುಮಿ ತಗ್ಗು ಮಾಡಿಕೊಂಡಿರುತ್ತದೆ, ಆ ತಗ್ಗಿನಿಂದ ಮೇಲೇಳಬೇಕು. ಎಲ್ಲರೂ ಒಂದೇ ಸಲ ಜೈಕಾರ ಹಾಕಿ ಜಗ್ಗುವುದರಲ್ಲಿ ಭಕ್ತಿಯಷ್ಟೇ ಯಾಂತ್ರಿಕ ಲಾಭವೂ ಇದೆ.

ಹೊರಟದ್ದನ್ನು ನಿಲ್ಲಿಸುವುದು ಇನ್ನೂ ದೊಡ್ಡ ಪೇಚು. ಅದೇ 20 ಟನ್ ಸೆಕೆಂಡಿಗೆ 1 ಮೀಟರ್, ಅಂದರೆ ನಾವು ನಿಧಾನ ನಡೆಯುವ ವೇಗದಲ್ಲಿ, ಉರುಳುತ್ತಿದೆ. ಅಚ್ಚು ನುಣುಪಾಗಿದ್ದು, ತೇರು ತಾನಾಗಿ ನಿಲ್ಲುವ ಲಕ್ಷಣವಿಲ್ಲದೆ ಇಳಿಜಾರಿನಲ್ಲಿ ಸಾಗಿದೆ ಎನ್ನೋಣ. ಹತ್ತು ಜನ ಎದುರು ನಿಂತು ತಲಾ 400 ನ್ಯೂಟನ್ನಿನಿಂದ ಒತ್ತಿದರೂ ನಿಲ್ಲಲು 5 ಸೆಕೆಂಡು ಬೇಕು, ಅಷ್ಟರಲ್ಲಿ ತೇರು ಎರಡೂವರೆ ಮೀಟರ್ ಮುಂದೆ ಬಂದಿರುತ್ತದೆ. ಎದುರು ನಿಂತವರ ಗತಿ ಹೇಳಬೇಕಿಲ್ಲ. ಅದಕ್ಕೇ ಈ ಕೆಲಸ ಕೈಗೆ ಬಿಟ್ಟದ್ದಲ್ಲ, ಗಾಲಿಗೆ ಅಡ್ಡ ಕೊಡುವ ಮರದ ತುಂಡುಗಳದ್ದು. ಮರದ ತುಂಡು ಗಾಲಿಯ ಕೆಳಗೆ ಸಿಕ್ಕಿದ ಕೂಡಲೇ ತೇರು ತನ್ನದೇ ತೂಕವನ್ನು ಆ ಇಳಿಜಾರು ಮರದ ಮೇಲೆ ಎತ್ತಬೇಕಾಗುತ್ತದೆ. ಓಟವನ್ನು ತಿನ್ನುವುದು ಆ ಏರು. ಅಡ್ಡ ಕೊಡುವವರು ಯಾವಾಗಲೂ ಗಾಲಿಯ ಪಕ್ಕದಲ್ಲಿರುತ್ತಾರೆ, ಮುಂದೆ ಬರುವುದಿಲ್ಲ. ಉಳಿದವರೂ ಅವರನ್ನು ನೋಡಿ ಕಲಿತರೆ ಒಳ್ಳೆಯದು.

ತೇರಿನ ಮೇಲೆ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತೇವಲ್ಲ, ಆ ಬಾಳೆಹಣ್ಣಿನ ಕತೆಯೂ ಸ್ವಾರಸ್ಯದ್ದು. ಕೈ ಬಿಟ್ಟ ಹಣ್ಣು ಮೇಲೇರುತ್ತಿದೆ. ಈಗ ಅದರ ಮೇಲೆ ಯಾವ ಬಲವಿದೆ? ನೂರಕ್ಕೆ ತೊಂಬತ್ತು ಜನ "ಕೈ ಕೊಟ್ಟ ಬಲ ಇನ್ನೂ ಇದೆ, ಅದು ತೀರಿದಾಗ ಕೆಳಗೆ ಬರುತ್ತದೆ" ಎನ್ನುತ್ತಾರೆ. ಪ್ರಶ್ನೆ ಕೇಳಿ ನೋಡಿ: ಕೊಡುತ್ತಿರುವ ವಸ್ತು ಯಾವುದು? ಕೈ ಬಿಟ್ಟಾಯಿತು. ಮುಟ್ಟುತ್ತಿರುವುದು ಗಾಳಿಯೊಂದೇ, ಅದೂ ತಡೆಯುವುದೇ ಹೊರತು ತಳ್ಳುವುದಿಲ್ಲ. ಹಣ್ಣು ಕೈ ಬಿಟ್ಟ ಗಳಿಗೆಯಿಂದಲೇ ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತಿದೆ, ಏರುವಾಗಲೂ. ಕೈ ಕೊಟ್ಟದ್ದು ವೇಗ. ಬಲ ಕೈಯಲ್ಲೇ ಉಳಿಯಿತು. 12 ಮೀಟರ್ ಮೇಲೆ ಮುಟ್ಟಬೇಕಾದರೆ ಸೆಕೆಂಡಿಗೆ 15 ಮೀಟರ್, ಅಂದರೆ ಗಂಟೆಗೆ ಸುಮಾರು 55 ಕಿ.ಮೀ. ವೇಗದಲ್ಲಿ ಎಸೆಯಬೇಕು. ಗುರಿ ತಪ್ಪಿದರೆ ಗಾಳಿ ತಡೆದಷ್ಟನ್ನು ಬಿಟ್ಟು ಹೆಚ್ಚುಕಡಿಮೆ ಅದೇ ವೇಗದಲ್ಲಿ ಯಾರದಾದರೂ ತಲೆ ಮೇಲೆ ಇಳಿಯುತ್ತದೆ. ಕಳಿತ ಹಣ್ಣು ಎಸೆಯಿರಿ. ಅದು ಬಡಿದಾಗ ಅಪ್ಪಚ್ಚಿಯಾಗಲು ತುಸು ಹೊತ್ತು ಹಿಡಿಯುತ್ತದೆ, ಹೊತ್ತು ಹಿಡಿದಷ್ಟೂ ಪೆಟ್ಟಿನ ಬಲ ಕಡಿಮೆ. ಒಣ ಉತ್ತತ್ತಿ ಹಗುರವೇ, ಆದರೆ ಅದು ಅಪ್ಪಚ್ಚಿಯಾಗುವುದಿಲ್ಲ.

ರಾಶಿ ಹರಡಿದ ರಸ್ತೆ

ಪುಷ್ಯದ ಹೊತ್ತಿಗೆ ನಮ್ಮ ಹಳ್ಳಿ ರಸ್ತೆಗಳ ಮೇಲೆ ತೊಗರಿ ಕಟಿಗೆ ಹರಡಿರುತ್ತದೆ. ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಎಂಬ ಲೆಕ್ಕಾಚಾರ. ರೈತರ ಕಷ್ಟ ಗೊತ್ತಿದ್ದೂ ಹೇಳಬೇಕು, ಬೈಕಿನವರಿಗೆ ಅದು ಜೀವದ ಪ್ರಶ್ನೆ. ಟಯರಿಗೂ ರಸ್ತೆಗೂ ನಡುವೆ ದುಂಡನೆಯ ಕಾಳು ಬಂದರೆ ಘರ್ಷಣೆ ಇಳಿದುಬಿಡುತ್ತದೆ. ಟಯರ್ ರಸ್ತೆಯನ್ನು ಮುಟ್ಟುವುದೇ ಇಲ್ಲ, ಕಾಳಿನ ಮೇಲೆ ಉರುಳುತ್ತದೆ.

ತಿರುವಿನಲ್ಲಿ ಇದರ ಪರಿಣಾಮ ನೋಡಿ. ಬಸ್ಸು ಎಡಕ್ಕೆ ತಿರುಗಿದರೆ ಒಳಗಿನವರು ಬಲಕ್ಕೆ ಒತ್ತರಿಸುತ್ತಾರೆ, "ಹೊರಗೆ ಎಳೆಯಿತು" ಎನ್ನುತ್ತಾರೆ. ಹೊರಗೆ ಎಳೆದ ವಸ್ತು ಯಾವುದು? ಇಲ್ಲ. ಜನ ನೇರವಾಗಿ ಹೋಗುತ್ತಿದ್ದರು, ಬಸ್ಸು ಅವರ ಕೆಳಗಿನಿಂದ ಎಡಕ್ಕೆ ಹೊರಳಿತು, ಬಲಗಡೆಯ ಗೋಡೆ ಬಂದು ಅವರನ್ನು ಎಡಕ್ಕೆ ತಳ್ಳಿತು. ತಿರುಗಲು ಒಳಮುಖದ ಬಲ ಬೇಕು. ಪ್ರಯಾಣಿಕರಿಗೆ ಅದನ್ನು ಗೋಡೆ ಕೊಡುತ್ತದೆ, ಬೈಕಿಗೆ ಕೊಡುವುದು ರಸ್ತೆಯ ಘರ್ಷಣೆ ಒಂದೇ. 30 ಮೀಟರ್ ತ್ರಿಜ್ಯದ ಸಮತಟ್ಟು ತಿರುವಿನಲ್ಲಿ ಒಣ ಟಾರ್ ಸುಮಾರು 50 ಕಿ.ಮೀ. ವೇಗದ ತನಕ ಆ ಬಲ ಕೊಡಬಲ್ಲದು. ಕಾಳು ಬಿದ್ದು ಘರ್ಷಣೆ ಮೂರೂವರೆ ಪಟ್ಟು ಇಳಿದರೆ 28 ಕಿ.ಮೀ. ವೇಗಕ್ಕೇ ಅದರ ಕೈ ಸೋತಿತು. ಮುಂದೆ ಬೈಕು ಹಾರುವುದಿಲ್ಲ, ಹೊರಗೆ ಎಸೆಯಲ್ಪಡುವುದೂ ಇಲ್ಲ. ಸುಮ್ಮನೆ ನೇರವಾಗಿ ಹೋಗುತ್ತದೆ. ರಸ್ತೆ ಮಾತ್ರ ನೇರವಾಗಿರುವುದಿಲ್ಲ.

ನೇರ ರಸ್ತೆಯಲ್ಲೂ ಸುಖವಿಲ್ಲ. ಗಾಡಿ ನಿಲ್ಲಲು ಬೇಕಾದ ದೂರ ವೇಗದ ವರ್ಗದಂತೆ ಬೆಳೆಯುತ್ತದೆ. ಒಣ ರಸ್ತೆಯಲ್ಲಿ 40ರಲ್ಲಿದ್ದ ಗಾಡಿ ಬ್ರೇಕ್ ಹಿಡಿದ ಮೇಲೆ 9 ಮೀಟರಿಗೆ ನಿಂತರೆ 80ರಲ್ಲಿದ್ದದ್ದು 36 ಮೀಟರ್ ಕೇಳುತ್ತದೆ. ಮೊದಲ ಮಳೆಗೆ ಒದ್ದೆಯಾದ ರಸ್ತೆಯಲ್ಲಿ ಇವು 16 ಮತ್ತು 63. ಎಮ್ಮೆ ಕಂಡು ಬ್ರೇಕ್ ಮೇಲೆ ಕಾಲು ಬರಲು ಒಂದು ಸೆಕೆಂಡು ಹಿಡಿದರೆ 40ರವನಿಗೆ ಇನ್ನೂ 11 ಮೀಟರ್, 80ರವನಿಗೆ 22 ಮೀಟರ್ ಸೇರಿಸಿಕೊಳ್ಳಿ. ವೇಗ ಎರಡು ಪಟ್ಟಾದರೆ ದೂರವೂ ಎರಡು ಪಟ್ಟು ಎಂದು ಮನಸ್ಸು ಹೇಳುತ್ತದೆ, ಅದನ್ನು ನಂಬಬಾರದು.

ಯಾದಗಿರಿ ಕಡೆ ಹತ್ತಿ ತುಂಬಿಕೊಂಡು ಆಕಾಶ ಮುಟ್ಟುವಂತೆ ಬರುವ ಲಾರಿಗಳು ತಿರುವಿನಲ್ಲಿ ಜಾರುವ ಮೊದಲೇ ಮಗುಚುತ್ತವೆ. ಘರ್ಷಣೆ ಕೆಲಸ ಮಾಡುವುದು ಟಯರಿನ ಬುಡದಲ್ಲಿ, ಭಾರದ ಕೇಂದ್ರ ಇರುವುದು ಮನೆಯೆತ್ತರದಲ್ಲಿ. ಬುಡ ತಿರುಗಿತು, ತಲೆ ತಿರುಗಲಿಲ್ಲ; ಬಸ್ಸಿನಲ್ಲಿ ನಿಂತವನಿಗೆ ಆದದ್ದೇ ಇಲ್ಲಿ ಲಾರಿಗೆ ಆಗುತ್ತದೆ.

ಪರಸಿ ಎಲ್ಲಿಂದ ಒಡೆಯುತ್ತದೆ

ಮತ್ತೆ ಪರಸಿಗೆ ಬರೋಣ. ಚರಂಡಿ ದಾಟಲು ಮನೆ ಮುಂದೆ ಒಂದು ಉದ್ದನೆಯ ಪರಸಿ ಹಾಸಿರುತ್ತೇವೆ. ವರ್ಷಗಟ್ಟಲೆ ಜನ ಓಡಾಡಿದ್ದು, ಒಂದು ದಿನ ಗ್ಯಾಸಿನವನು ಗಾಡಿ ಹತ್ತಿಸಿದ, ಟಪ್ ಎಂದು ನಡುವೆ ಎರಡು ತುಂಡು. ಭಾರ ಬಿದ್ದದ್ದು ಮೇಲಿನಿಂದ, ಆದರೆ ಬಿರುಕು ಶುರುವಾದದ್ದು ಕೆಳಮೈಯಿಂದ. ಕಲ್ಲು ನಡುವೆ ಕೂದಲೆಳೆಯಷ್ಟು ಬಾಗಿದಾಗ ಅದರ ಮೇಲ್ಮೈ ಹಿಂಡಿಕೊಳ್ಳುತ್ತದೆ, ಕೆಳಮೈ ಹಿಗ್ಗಿಸಲ್ಪಡುತ್ತದೆ. ಹಿಂಡುವುದನ್ನು ಕಲ್ಲು ಎಷ್ಟು ಬೇಕಾದರೂ ತಡೆಯುತ್ತದೆ, ಹಿಗ್ಗಿಸುವುದನ್ನು ತಡೆಯಲಾರದು. ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿ. ವಾಡಿ, ಸೇಡಂ ಸುತ್ತ ಸಿಮೆಂಟ್ ಕಾರ್ಖಾನೆಗಳು ಎದ್ದದ್ದು ಇದೇ ಸುಣ್ಣಕಲ್ಲಿನ ಹಾಸಿನಿಂದ. ಸಿಮೆಂಟಿನ ಕಾಂಕ್ರೀಟಿಗೂ ಅದೇ ಗುಣ, ಹಿಂಡಿದರೆ ಗಟ್ಟಿ, ಜಗ್ಗಿದರೆ ಟೊಳ್ಳು. ಸ್ಲ್ಯಾಬ್ ಹಾಕುವಾಗ ಮೇಸ್ತ್ರಿ ನಡುಭಾಗದ ಕಬ್ಬಿಣವನ್ನು ಕೆಳಗಡೆಯೇ ಇಡುವುದು ಈ ಕಾರಣಕ್ಕೆ. ಜಗ್ಗುವ ಪಾಲು ಕಬ್ಬಿಣದ್ದು. ಪರಸಿಗೆ ಕಬ್ಬಿಣವಿಲ್ಲ. ಅದಕ್ಕೆ ಉಪಾಯ ದಪ್ಪ ಒಂದೇ: ದಪ್ಪ ಎರಡು ಪಟ್ಟು ಮಾಡಿದರೆ ನಡುವೆ ತಡೆಯುವ ಭಾರ ನಾಲ್ಕು ಪಟ್ಟು. ಚರಂಡಿ ಎರಡು ಪಟ್ಟು ಅಗಲವಾದರೆ ಅದು ಅರ್ಧಕ್ಕಿಳಿಯುತ್ತದೆ.

ಕಬ್ಬಿಣವಿಲ್ಲದ ಕಾಲದಲ್ಲಿ ಅಗಲವಾದ ಜಾಗಕ್ಕೆ ಕಲ್ಲಿನ ಮಾಡು ಹಾಕಿದವರು ಏನು ಮಾಡಿದರು? ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗಿ ನೋಡಿ. 1367ರದ್ದು. ಬೇರೆ ಮಸೀದಿಗಳಂತೆ ನಡುವೆ ಬಯಲು ಅಂಗಳವಿಲ್ಲ, ಪೂರ್ತಿ ಗುಮ್ಮಟಗಳ ಹೊದಿಕೆ. ಒಳಗೆ ನಿಂತರೆ ಯಾವ ಕಡೆ ನೋಡಿದರೂ ಕಮಾನಿನ ಹಿಂದೆ ಕಮಾನು. ಕಮಾನಿನಲ್ಲಿ ಒಂದೊಂದು ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ, ಯಾವುದೂ ಯಾವುದನ್ನೂ ಜಗ್ಗುವುದಿಲ್ಲ. ಕಲ್ಲಿಗೆ ಆಗದ ಕೆಲಸವನ್ನು ಕಲ್ಲಿಗೆ ಹೇಳಿಲ್ಲ. ಆದರೆ ಇದಕ್ಕೆ ತೆರಬೇಕಾದದ್ದಿದೆ. ಕಮಾನು ತನ್ನ ಬುಡವನ್ನು ಕೆಳಗಷ್ಟೇ ಅಲ್ಲ, ಪಕ್ಕಕ್ಕೂ ತಳ್ಳುತ್ತದೆ. ಯಾರಾದರೂ ಅದನ್ನು ಒಳಮುಖವಾಗಿ ತಳ್ಳಿ ಹಿಡಿಯದಿದ್ದರೆ ಕಾಲು ಕಿಸಿದು ಬೀಳುತ್ತದೆ. ಸಾಲಿನ ನಡುವಿನ ಕಮಾನಿಗೆ ಪಕ್ಕದ ಕಮಾನೇ ಆಸರೆ, ಎಡದ್ದು ಬಲಕ್ಕೆ ತಳ್ಳಿದರೆ ಬಲದ್ದು ಎಡಕ್ಕೆ. ಸಾಲಿನ ಕೊನೆಯದಕ್ಕೆ ಪಕ್ಕದಲ್ಲಿ ಯಾರೂ ಇಲ್ಲ. ಹಾಗಾಗಿ ಅಂಚಿನ ಕಟ್ಟೋಣ ಭಾರವಾಗಿರಲೇಬೇಕು. ನಡುವೆ ನಿಂತು ಎಷ್ಟು ಹೊತ್ತು ಕತ್ತೆತ್ತಿ ನೋಡುತ್ತೇವೋ ಅಷ್ಟೇ ಹೊತ್ತು ಅಂಚಿಗೆ ಹೋಗಿ ಕಲ್ಲಿನ ದಪ್ಪವನ್ನೂ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಎಳೆಯದ ನೀರು, ಇಳಿಯುವ ನೀರು

ಇನ್ನು ಗಾಳಿ. ಸಮುದ್ರಮಟ್ಟದಲ್ಲಿ ಒಂದು ಚದರ ಮೀಟರ್ ಮೇಲೆ ಗಾಳಿ ಹೇರುವ ಬಲ ಸುಮಾರು 10 ಟನ್ ತೂಕದಷ್ಟು. ಬಿಚ್ಚಿದ ಅಂಗೈ ಮೇಲೆ ಒಂದು ಕ್ವಿಂಟಲ್ ಅಂದುಕೊಳ್ಳಿ. ಕೈ ಕೆಳಗೆ ಹೋಗುವುದಿಲ್ಲ, ಯಾಕೆಂದರೆ ಅಂಗೈಯ ಹಿಂಬದಿಯನ್ನು ಕೆಳಗಿನಿಂದ ಗಾಳಿ ಅಷ್ಟೇ ಒತ್ತುತ್ತಿರುತ್ತದೆ. ಸ್ಟ್ರಾ ಹಾಕಿ ಮಜ್ಜಿಗೆ ಕುಡಿಯುವಾಗ ನಾವು ಮಜ್ಜಿಗೆಯನ್ನು ಎಳೆಯುವುದಿಲ್ಲ. ಎಳೆಯಲು ದ್ರವಕ್ಕೆ ಹಿಡಿಕೆ ಎಲ್ಲಿದೆ? ಬಾಯೊಳಗಿನ ಗಾಳಿಯ ಒತ್ತಡ ಕಡಿಮೆ ಮಾಡುತ್ತೇವೆ, ಲೋಟದ ಮೇಲಿನ ಗಾಳಿ ಮಜ್ಜಿಗೆಯನ್ನು ಮೇಲೆ ತಳ್ಳುತ್ತದೆ.

ಹಾಗಿದ್ದರೆ ಗಾಳಿ ತಳ್ಳಬಲ್ಲಷ್ಟು ಎತ್ತರವೇ ಮಿತಿ. ಸಮುದ್ರಮಟ್ಟದಲ್ಲಿ ನೀರಿಗೆ ಅದು 10.3 ಮೀಟರ್. ಕಲಬುರಗಿ ಸಮುದ್ರಮಟ್ಟಕ್ಕಿಂತ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಅರ್ಧ ಮೀಟರಿನಷ್ಟು ಕಡಿಮೆ, ಬೀದರಿನ ಎತ್ತರದ ಬಯಲಿನಲ್ಲಿ ಇನ್ನೂ ಸ್ವಲ್ಪ ಕಡಿಮೆ. ಇಟಲಿಯ ಬಾವಿ ತೋಡುವವರಿಗೆ ಈ ಮಿತಿ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. 1640ರ ದಶಕದಲ್ಲಿ ಅಲ್ಲಿಯ ವಿಜ್ಞಾನಿ ಟೊರಿಚೆಲ್ಲಿ ಪಾದರಸದ ಕೊಳವೆ ಇಟ್ಟು ಕಾರಣ ತೋರಿಸಿದ. ನಮ್ಮ ಊರಿನ ಬೋರಿಂಗ್ (ಕೈಪಂಪು) 30 ಮೀಟರ್ ಆಳದಿಂದ ನೀರು ಕೊಡುವುದು ಹೇಗೆ ಅಂದರೆ, ಅದು ಮೇಲೆ ನಿಂತು ಹೀರುವುದೇ ಇಲ್ಲ. ಅದರ ಸಿಲಿಂಡರ್ ಆಳದಲ್ಲಿ, ನೀರೊಳಗೆ ಕೂತಿರುತ್ತದೆ. ಹಿಡಿಕೆಗೆ ಉದ್ದನೆಯ ಕಬ್ಬಿಣದ ರಾಡು, ರಾಡಿನ ತುದಿಗೆ ಪಿಸ್ಟನ್. ಪಿಸ್ಟನ್ನಿನ ಮೇಲೆ ಸೇರಿದ ನೀರನ್ನು ಕೊಡ ಎತ್ತಿದಂತೆ ಕೆಳಗಿನಿಂದ ಎತ್ತುತ್ತದೆ. ಬೇಸಿಗೆಯಲ್ಲಿ ಬೋರಿಂಗ್ ಒತ್ತಿ ತೋಳು ಸೋಲುವುದು ಆ ನೀರಿನ ಕಂಬದ ಜತೆಗೆ ಅಷ್ಟುದ್ದದ ರಾಡನ್ನೂ ಎತ್ತುವುದರಿಂದ. ಕೊಳವೆಬಾವಿಯ ಮೋಟರನ್ನು ತಳಕ್ಕೆ ಇಳಿಬಿಡುವುದೂ ಇದಕ್ಕೇ. ಮೇಲಿಟ್ಟ ಮೋಟರು ಎಷ್ಟೇ ಅಶ್ವಶಕ್ತಿಯದಾದರೂ 10 ಮೀಟರ್ ಆಚೆಯ ನೀರನ್ನು ಹೀರಿಕೊಡಲಾರದು.

ಬೀದರಿನ ಬಹಮನಿ ಕಾಲದವರು ಎತ್ತುವ ಗೋಜಿಗೇ ಹೋಗದ ದಾರಿಯೊಂದನ್ನು ಹಿಡಿದರು. ನೌಬಾದಿನ ಕರೇಜ್ ಅದರ ಉಳಿದ ಸಾಕ್ಷಿ, ಸುರಂಗ ಬಾವಿ ಎಂದೂ ಕರೆಯುತ್ತಾರೆ. ಕೆಂಪು ಮುರಕಲ್ಲಿನ ಪದರದಲ್ಲಿ ಇಂಗಿದ ನೀರನ್ನು ತಟ್ಟಿ, ಅಲ್ಲಿಂದ ನೆಲದೊಳಗೇ ಮೆಲ್ಲನೆ ಇಳಿಯುವ ಕಾಲುವೆ ಕೊರೆದು, ನೀರು ತಾನಾಗಿ ಬೇಕಾದ ಕಡೆಗೆ ಬರುವಂತೆ ಮಾಡಿದ ವ್ಯವಸ್ಥೆ. ಮೇಲಿನಿಂದ ಅಲ್ಲಲ್ಲಿ ಬಾವಿಯಂಥ ಕಿಂಡಿಗಳು: ಅಗೆದ ಮಣ್ಣು ಹೊರಗೆ ಹಾಕಲು, ಗಾಳಿ ಬರಲು, ಮುಂದೆ ಇಳಿದು ಶುಚಿ ಮಾಡಲು.

ಆ ಇಳಿಜಾರಿನ ಲೆಕ್ಕದಲ್ಲಿ ಬಲದ ಸೂಕ್ಷ್ಮವೊಂದಿದೆ. ಇಳಿಜಾರಿನಲ್ಲಿರುವ ನೀರನ್ನು ಭೂಮಿ ಸದಾ ಎಳೆಯುತ್ತಿದ್ದರೆ ಅದರ ವೇಗ ಹೆಚ್ಚುತ್ತಲೇ ಹೋಗಬೇಕಲ್ಲ? ಹೋಗುವುದಿಲ್ಲ. ಸುರಂಗದ ತಳ ಮತ್ತು ಗೋಡೆ ನೀರನ್ನು ತಡೆಯುತ್ತವೆ, ವೇಗ ಏರಿದಷ್ಟೂ ತಡೆಯೂ ಏರುತ್ತದೆ. ಒಂದು ವೇಗಕ್ಕೆ ಬಂದಾಗ ಎಳೆತದ ಇಳಿಮುಖದ ಪಾಲೂ ಗೋಡೆಯ ತಡೆಯೂ ಸಮ. ಅಲ್ಲಿಂದಾಚೆ ನೀರಿನ ಮೇಲೆ ಒಟ್ಟು ಬಲ ಸೊನ್ನೆ, ಆದರೂ ಅದು ಹರಿಯುತ್ತಲೇ ಇರುತ್ತದೆ, ಅದೇ ವೇಗದಲ್ಲಿ. ಬಸ್ಸಿನ ತುದಿಯಲ್ಲಿ ನಿಂತವನ ಓಟಕ್ಕೆ ಹೇಗೆ ಯಾರ ತಳ್ಳುವಿಕೆಯೂ ಬೇಕಿರಲಿಲ್ಲವೋ ಹಾಗೆ. ಇಳಿಜಾರು ಜಾಸ್ತಿ ಇಟ್ಟರೆ ಸಮವಾಗುವ ವೇಗವೂ ಜಾಸ್ತಿ, ನೀರು ಗೋಡೆಯ ಮಣ್ಣನ್ನು ಕೊರೆದು ಸುರಂಗವನ್ನೇ ಕುಸಿಯುವಂತೆ ಮಾಡುತ್ತದೆ. ತೀರ ಕಡಿಮೆ ಇಟ್ಟರೆ ನೀರು ಹೊತ್ತು ತಂದ ಹೂಳು ತಳದಲ್ಲೇ ಕೂತು ದಾರಿ ಕಟ್ಟುತ್ತದೆ. ಮೈಲುಗಟ್ಟಲೆ ದೂರಕ್ಕೆ ಕೆಲವೇ ಮೀಟರ್ ಇಳಿಜಾರನ್ನು ನೆಲದೊಳಗಿನ ಕತ್ತಲಲ್ಲಿ ತಪ್ಪದೆ ಹಿಡಿದು ಅಗೆಯಬೇಕಿತ್ತು.